ಸಮಾನದುಃಖಿಯ ಕಿವಿ: ಯುದ್ಧಸಾಹಿತ್ಯದಲ್ಲಿ ಯೋಧನ ಮನೋವ್ಯಥೆ

೧

ಶೋಕವು ಶ್ಲೋಕವಾದ ಪ್ರಸಂಗ ನಮ್ಮ ಕಾವ್ಯಮೀಮಾಂಸೆಗೆ ಆದಿಕಥೆಯಂತಿದೆ. ಬೇಡನ ಬಾಣಕ್ಕೆ ಕ್ರೌಂಚಮಿಥುನದ ಒಂದು ಹಕ್ಕಿ ನೆಲಕ್ಕುರುಳಿತು. ಉಳಿದ ಹಕ್ಕಿ ಗೋಳಿಟ್ಟಿತು. ಅದನ್ನು ಕಂಡ ಋಷಿಯ ಹೃದಯ ಕರಗಿ ಮಾತು ಛಂದಸ್ಸಾಗಿ ಹೊಮ್ಮಿತು. ಆನಂದವರ್ಧನನೂ ಅಭಿನವಗುಪ್ತನೂ ಈ ಪ್ರಸಂಗವನ್ನು ಹಿಡಿದು ಕರುಣರಸದ ಸ್ವರೂಪವನ್ನು ವಿವೇಚಿಸಿರುವುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ. ಆದರೆ ಇದರಲ್ಲಿ ನಾವು ಸಾಮಾನ್ಯವಾಗಿ ಗಮನಿಸದೆ ಬಿಡುವ ಅಂಶವೊಂದುಂಟು. ವಾಲ್ಮೀಕಿ ಬಾಣ ಬಿಟ್ಟ ಬೇಡನೂ ಅಲ್ಲ, ಸಂಗಾತಿಯನ್ನು ಕಳೆದುಕೊಂಡ ಹಕ್ಕಿಯೂ ಅಲ್ಲ. ಅವನು ನದಿಯ ದಡದಲ್ಲಿ ನಿಂತು ನೋಡಿದವನು. ಆ ದೂರವೇ ಅವನ ಶೋಕಕ್ಕೆ ಶ್ಲೋಕವಾಗುವ ಅವಕಾಶವನ್ನು ಕೊಟ್ಟಿತು.

ಯೋಧನ ಸ್ಥಿತಿ ಇದಕ್ಕಿಂತ ಬೇರೆ. ಒಂದೇ ಹಗಲಿನಲ್ಲಿ ಅವನು ಬಾಣ ಬಿಟ್ಟ ಬೇಡನಾಗುತ್ತಾನೆ, ಜೊತೆಗಾರನನ್ನು ಕಳೆದುಕೊಂಡ ಹಕ್ಕಿಯಾಗುತ್ತಾನೆ, ಎರಡಕ್ಕೂ ಸಾಕ್ಷಿಯೂ ಆಗುತ್ತಾನೆ. ಮೂರು ಪಾತ್ರಗಳೂ ಒಬ್ಬನ ಎದೆಯಲ್ಲಿ ಒಟ್ಟಿಗೆ ನೆಲಸಿದಾಗ ಶೋಕ ಶ್ಲೋಕವಾಗುವುದು ಸುಲಭವಲ್ಲ. ಅನೇಕ ವೇಳೆ ಅದು ಮೌನವಾಗುತ್ತದೆ, ನಡುರಾತ್ರಿಯ ಕೆಟ್ಟ ಕನಸಾಗುತ್ತದೆ, ಕಾಲುಕೈಗಳ ನಡುಕವಾಗುತ್ತದೆ, ಕೆಲವೊಮ್ಮೆ ಪ್ರಾಣವನ್ನೇ ಬೇಡುತ್ತದೆ. ಇಂಥ ಶೋಕ ಮಾತಾಗಬೇಕಾದರೆ ಅದಕ್ಕೆ ಮೊದಲು ಒಂದು ಕಿವಿ ಬೇಕು. ಆ ಕಿವಿ ಯಾರದು? ವೈದ್ಯನದೆ? ಊರಿನವರದೆ? ಅಥವಾ ಅದೇ ಬೆಂಕಿಯಲ್ಲಿ ಬೆಂದು ಬಂದ ಇನ್ನೊಬ್ಬ ಯೋಧನದೆ?

ಮೊದಲನೆಯ ಮಹಾಯುದ್ಧದ ಕವಿಗಳಿಂದ ಹಿಡಿದು ವಿಯೆಟ್ನಾಂ ಯುದ್ಧದ ಕಥೆಗಾರರವರೆಗಿನ ಸಾಹಿತ್ಯವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಪ್ರಬಂಧದ ಉದ್ದೇಶ. ಯೋಧನ ಮನೋವ್ಯಥೆಗೆ ಸಹಯೋಧನೇ ಅತ್ಯುತ್ತಮ ಆಸರೆಯೆಂಬ ಮಾತು ಇಂದು ಎಲ್ಲೆಡೆಯೂ ಕೇಳಿಬರುತ್ತಿದೆ. ಈ ಮಾತಿನಲ್ಲಿ ಸತ್ಯವೆಷ್ಟು, ಅದರ ಮಿತಿಯೆಲ್ಲಿ ಎಂಬುದನ್ನು ಸಾಹಿತ್ಯವು ಶಾಸ್ತ್ರಕ್ಕಿಂತ ಮೊದಲೇ, ಪ್ರಾಯಶಃ ಶಾಸ್ತ್ರಕ್ಕಿಂತ ಸೂಕ್ಷ್ಮವಾಗಿಯೇ, ಕಂಡುಕೊಂಡಿದೆಯೆಂದು ನನ್ನ ಅಭಿಪ್ರಾಯ.

೨

‘ಷೆಲ್ ಷಾಕ್’ ಎಂಬ ಪದವು ವೈದ್ಯಕೀಯ ಬರವಣಿಗೆಯಲ್ಲಿ ಪ್ರಚಾರಕ್ಕೆ ಬಂದುದು ೧೯೧೫ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ಮೂಲಕ. ಫಿರಂಗಿಯ ಗುಂಡು ಸಮೀಪದಲ್ಲಿ ಸಿಡಿದುದರಿಂದ ನರಗಳಿಗೆ ಪೆಟ್ಟು ಬಿದ್ದಿರಬೇಕೆಂಬುದು ಆಗಿನ ಊಹೆ. ಸಿಡಿತದ ಬಳಿ ಇರದಿದ್ದವರಲ್ಲಿಯೂ ಅದೇ ಲಕ್ಷಣಗಳು ಕಂಡುಬಂದಾಗ ಪೆಟ್ಟು ಬಿದ್ದಿರುವುದು ಮನಸ್ಸಿಗೆ ಎಂಬ ಅರಿವು ಕ್ರಮೇಣ ಮೂಡಿತು. ಎಡಿನ್‌ಬರೋ ನಗರದ ಹೊರವಲಯದಲ್ಲಿ ಜಲಚಿಕಿತ್ಸೆಗಾಗಿ ಕಟ್ಟಿದ್ದ ಕ್ರೇಗ್‌ಲಾಕ್‌ಹಾರ್ಟ್ ಎಂಬ ದೊಡ್ಡ ಮನೆಯನ್ನು ಸೈನ್ಯವು ೧೯೧೬ರಲ್ಲಿ ವಶಪಡಿಸಿಕೊಂಡು ಇಂಥ ಅಧಿಕಾರಿಗಳ ಆಸ್ಪತ್ರೆಯನ್ನಾಗಿ ಮಾಡಿತು.

ಅಲ್ಲಿನ ವೈದ್ಯರಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್‌ನ ಹೆಸರು ನಮ್ಮ ನಾಡಿನ ವಿದ್ವಾಂಸರಿಗೆ ಬೇರೊಂದು ಕಾರಣದಿಂದ ಪರಿಚಿತವಾದುದು. ಮೈಸೂರು ಸೀಮೆಯ ತೆಂಕಣ ಎಲ್ಲೆಗೆ ಅಂಟಿಕೊಂಡಿರುವ ನೀಲಗಿರಿಯಲ್ಲಿ ೧೯೦೧-೦೨ರಲ್ಲಿ ತಂಗಿದ್ದು, ತೋಡರ ವಂಶಾವಳಿಗಳನ್ನೂ ಆಚಾರಗಳನ್ನೂ ಅವರ ಬಾಯಿಂದಲೇ ಕೇಳಿ ಬರೆದುಕೊಂಡು ೧೯೦೬ರಲ್ಲಿ ‘ದಿ ತೋಡಾಸ್’ ಎಂಬ ಗ್ರಂಥವನ್ನು ಪ್ರಕಟಿಸಿದವನು ಇವನೇ. ಪರರ ಮಾತನ್ನು ಅಡ್ಡಿಪಡಿಸದೆ ಕೊನೆಯವರೆಗೆ ಕೇಳುವ ಶಿಸ್ತು ಮಾನವಶಾಸ್ತ್ರಜ್ಞನಾದ ಅವನಿಗೆ ಅಭ್ಯಾಸವಾಗಿತ್ತು. ಅದನ್ನೇ ಅವನು ಆಸ್ಪತ್ರೆಗೂ ತಂದನೆಂದು ಭಾವಿಸಿದರೆ ತಪ್ಪಾಗಲಾರದು. ಕಂಡ ಭೀಕರವನ್ನು ಬಲವಂತದಿಂದ ಮರೆಯಬೇಕೆಂಬ ಬುದ್ಧಿವಾದವೇ ರೋಗವನ್ನು ಬಲಪಡಿಸುತ್ತದೆಂದು ಅವನು ೧೯೧೭ರ ಡಿಸೆಂಬರಿನಲ್ಲಿ ಓದಿದ ಪ್ರಬಂಧದಲ್ಲಿ ವಾದಿಸಿದನು. ಅದೇ ಕಾಲದಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮಾತು ನಿಂತುಹೋದ ಸಿಪಾಯಿಗಳ ಗಂಟಲಿಗೆ ವಿದ್ಯುತ್ತನ್ನು ಹಾಯಿಸಿ ಮಾತು ಹೊರಡಿಸುವ ಚಿಕಿತ್ಸೆಯೂ ನಡೆಯುತ್ತಿತ್ತೆಂಬುದನ್ನು ನೆನೆದರೆ ರಿವರ್ಸ್‌ನ ಮಾರ್ಗದ ಮಾನವೀಯತೆ ಸ್ಪಷ್ಟವಾಗುತ್ತದೆ.

ಆದರೂ ವೈದ್ಯನ ಕಿವಿಗೆ ಒಂದು ಬಂಧನವಿತ್ತು. ಅವನು ಸೇನೆಯ ಸಮವಸ್ತ್ರವನ್ನು ತೊಟ್ಟವನು. ರೋಗಿ ಗುಣವಾದನೆಂದರೆ ಮರಳಿ ಯುದ್ಧಕ್ಕೆ ಯೋಗ್ಯನಾದನೆಂದೇ ಅರ್ಥ. ಯಾವ ಕಂದಕದಿಂದ ಮನಸ್ಸು ಮುರಿದು ಬಂದಿತೋ ಅದೇ ಕಂದಕಕ್ಕೆ ಕಳುಹಿಸಲು ಮನಸ್ಸನ್ನು ಹೊಲಿದು ಸಿದ್ಧಪಡಿಸುವ ಕೆಲಸ ಅವನದು. ಈ ಧರ್ಮಸಂಕಟವನ್ನು ಪ್ಯಾಟ್ ಬಾರ್ಕರ್ ತಮ್ಮ ‘ರೀಜನರೇಷನ್’ ಕಾದಂಬರಿಯಲ್ಲಿ (೧೯೯೧) ಕೇಂದ್ರವಾಗಿಟ್ಟುಕೊಂಡಿದ್ದಾರೆ. ವೈದ್ಯನು ಎಷ್ಟೇ ಕರುಣಾಳುವಾಗಿದ್ದರೂ ಅವನ ಮುಂದೆ ಆಡಿದ ಮಾತು ಒಂದು ವರದಿಯಾಗುತ್ತದೆ. ವರದಿ ಒಂದು ತೀರ್ಪಾಗುತ್ತದೆ. ತೀರ್ಪಿನ ಭಯವಿಲ್ಲದೆ ಆಡುವ ಮಾತಿಗೆ ಬೇರೊಂದು ಕಿವಿ ಬೇಕಾಗಿತ್ತು.

೩

ಆ ಕಿವಿ ಅದೇ ಆಸ್ಪತ್ರೆಯ ಇನ್ನೊಂದು ಕೋಣೆಯಲ್ಲಿತ್ತು. ೧೯೧೭ರ ಜೂನ್ ತಿಂಗಳಲ್ಲಿ ವಿಲ್‌ಫ್ರೆಡ್ ಓವೆನ್ ಕ್ರೇಗ್‌ಲಾಕ್‌ಹಾರ್ಟಿಗೆ ಬಂದನು. ಯುದ್ಧವನ್ನು ಮುಂದುವರಿಸುವುದರ ವಿರುದ್ಧ ಬಹಿರಂಗ ಹೇಳಿಕೆ ಕೊಟ್ಟಿದ್ದ ಸೀಗ್‌ಫ್ರಿಡ್ ಸಸೂನ್ ಜುಲೈ ತಿಂಗಳಲ್ಲಿ ಬಂದನು. ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಬೇಕಾಗಿದ್ದವನನ್ನು ಮಿತ್ರನಾದ ರಾಬರ್ಟ್ ಗ್ರೇವ್ಸ್‌ನ ಪ್ರಯತ್ನದಿಂದ ರೋಗಿಯೆಂದು ನಿರ್ಣಯಿಸಲಾಗಿತ್ತು. ಓವೆನ್ ತನ್ನ ವೈದ್ಯ ಆರ್ಥರ್ ಬ್ರಾಕ್‌ನ ಪ್ರೋತ್ಸಾಹದಿಂದ ‘ಹೈಡ್ರಾ’ ಎಂಬ ಆಸ್ಪತ್ರೆಯ ಪತ್ರಿಕೆಯ ಕೆಲವು ಸಂಚಿಕೆಗಳನ್ನು ಸಂಪಾದಿಸಿದನು. ಸಸೂನನ ‘ಡ್ರೀಮರ್ಸ್’ ಎಂಬ ಕವಿತೆ ಮೊದಲು ಅಚ್ಚಾದುದು ಈ ಪತ್ರಿಕೆಯಲ್ಲಿಯೇ. ರೋಗಿಗಳು ರೋಗಿಗಳಿಗಾಗಿ ಹೊರಡಿಸಿದ ಪತ್ರಿಕೆ ಅದು. ಕ್ರೀಡೆ, ನಾಟಕ, ಹಾಸ್ಯಗಳ ನಡುವೆ ಅವರ ಕನಸುಗಳೂ ಅದರಲ್ಲಿ ಇಣುಕುತ್ತವೆ.

ಆಗಸ್ಟ್ ತಿಂಗಳಲ್ಲಿ ಓವೆನ್ ಸಸೂನನ ಬಾಗಿಲು ತಟ್ಟಿದುದು ಆಂಗ್ಲಸಾಹಿತ್ಯದ ಚರಿತ್ರೆಯಲ್ಲಿ ಪ್ರಸಿದ್ಧ ಘಟನೆ. ಇದನ್ನು ಸಾಮಾನ್ಯವಾಗಿ ಗುರುಶಿಷ್ಯರ ಭೇಟಿಯೆಂದು ವರ್ಣಿಸುವುದುಂಟು. ಆದರೆ ‘ಆಂಥಮ್ ಫಾರ್ ಡೂಮ್ಡ್ ಯೂತ್’ ಸುನೀತದ ಹಸ್ತಪ್ರತಿಗಳು ಇನ್ನೂ ಹೆಚ್ಚಿನದನ್ನು ಹೇಳುತ್ತವೆ. ಓವೆನ್ನನ ಅಕ್ಷರಗಳ ನಡುವೆ ಸಸೂನನ ಪೆನ್ಸಿಲಿನ ತಿದ್ದುಪಡಿಗಳು ಅಲ್ಲಿ ಕಾಣುತ್ತವೆ; ಶೀರ್ಷಿಕೆಯಲ್ಲಿ ‘ಸತ್ತ’ ತರುಣರೆಂದಿದ್ದುದು ‘ಸಾವಿಗೆ ಗುರಿಯಾದ’ ತರುಣರೆಂದಾದುದು ಸಸೂನನ ಸಲಹೆಯಿಂದ. ಇದು ಕೇವಲ ಪದದ ಬದಲಾವಣೆಯಲ್ಲ. ಸತ್ತವರ ಬಗೆಗೆ ಬರೆದುದು ಸ್ಮಾರಕವಾಗುತ್ತದೆ. ಸಾಯಲಿರುವವರ ಬಗೆಗೆ ಬರೆದುದು ಎಚ್ಚರಿಕೆಯಾಗುತ್ತದೆ. ಬದುಕಿರುವ ಇಬ್ಬರೂ ಆ ಎರಡನೆಯ ಗುಂಪಿಗೆ ಸೇರಿದವರೆಂಬುದು ತಿದ್ದಿದವನಿಗೂ ತಿದ್ದಿಸಿಕೊಂಡವನಿಗೂ ಗೊತ್ತಿತ್ತು. ಸಹಯೋಧನ ಕಿವಿ ಮಾಡುವ ಉಪಕಾರದ ಸ್ವರೂಪ ಇಲ್ಲಿ ವ್ಯಕ್ತವಾಗಿದೆ: ಅದು ಸಮಾಧಾನ ಹೇಳುವುದಿಲ್ಲ, ಮಾತನ್ನು ನಿಖರಗೊಳಿಸುತ್ತದೆ. ಹೊರಗಿನವನಾದರೆ ದುಃಖದ ಮುಂದೆ ಸಂಕೋಚಪಟ್ಟು ಸುಮ್ಮನಾಗುತ್ತಾನೆ. ಸಮಾನದುಃಖಿಗೆ ಮಾತ್ರ ‘ಇದು ಹೀಗಲ್ಲ, ಹಾಗೆ’ ಎಂದು ಹೇಳುವ ಅಧಿಕಾರವುಂಟು.

ಓವೆನ್ನನ ಆ ಹಿಂದಿನ ಕವಿತೆಗಳನ್ನೂ ಈ ಕಾಲದ ಕವಿತೆಗಳನ್ನೂ ಹೋಲಿಸಿದವರಿಗೆ ಭಾಷೆಯಲ್ಲಿ ಆದ ಮಾರ್ಪಾಡು ಎದ್ದು ಕಾಣುತ್ತದೆ. ಕೀಟ್ಸನ ಮಾಧುರ್ಯಕ್ಕೆ ಒಲಿದಿದ್ದ ತರುಣನು ತಾನು ಕನಸಿನಲ್ಲಿ ಕಂಡು ನಡುಗುತ್ತಿದ್ದುದನ್ನೇ ಹಗಲಿನ ಮಾತಿನಲ್ಲಿ ಬರೆಯತೊಡಗಿದನು. ಅದೇ ಅಕ್ಟೋಬರಿನಲ್ಲಿ ಕರಡಾದ ‘ಡುಲ್ಸೆ ಎಟ್ ಡೆಕೋರಮ್ ಎಸ್ಟ್’ ಕವಿತೆಯಲ್ಲಿ ವಿಷಾನಿಲಕ್ಕೆ ಸಿಕ್ಕಿ ಸಾಯುವ ಸಂಗಾತಿಯ ಚಿತ್ರ ಕನಸಿನಲ್ಲಿ ಮರುಕಳಿಸುತ್ತದೆಂದು ಅವನು ಒಪ್ಪಿಕೊಳ್ಳುತ್ತಾನೆ. ಕೂಡಲೇ ಆ ಕನಸನ್ನು ಮನೆಯಲ್ಲಿ ಕುಳಿತು ಯುದ್ಧವನ್ನು ಹೊಗಳುವವರ ಕಡೆಗೆ ತಿರುಗಿಸುತ್ತಾನೆ. ಯುದ್ಧೋತ್ಸಾಹದ ಪದ್ಯಗಳನ್ನು ಬರೆಯುತ್ತಿದ್ದ ಜೆಸ್ಸಿ ಪೋಪ್ ಎಂಬಾಕೆಗೆ ಇದರ ಕರಡೊಂದನ್ನು ಅವನು ವ್ಯಂಗ್ಯವಾಗಿ ಅರ್ಪಿಸಿದ್ದುಂಟು. ಮಾತು ಹದಗೊಂಡುದು ಸಮಾನದುಃಖಿಗಳ ನಡುವೆ. ಗುರಿಯಿಟ್ಟುದು ದುಃಖವನ್ನರಿಯದ ಕಿವಿಗೆ. ಈ ಎರಡು ಕಿವಿಗಳ ನಡುವಣ ಪಯಣವೇ ಯುದ್ಧಕಾವ್ಯದ ಜೀವ.

ಸಸೂನನಲ್ಲಿ ಈ ಸಂಬಂಧದ ಮತ್ತೊಂದು ಮುಖ ಕಾಣುತ್ತದೆ. ‘ಸಿಕ್ ಲೀವ್’ ಎಂಬ ಪುಟ್ಟ ಕವಿತೆಯಲ್ಲಿ, ಬೆಚ್ಚನೆಯ ಹಾಸಿಗೆಯಲ್ಲಿ ಮಲಗಿದವನ ಬಳಿಗೆ ಸತ್ತ ಸಂಗಾತಿಗಳು ಸದ್ದಿಲ್ಲದೆ ಬಂದು ನಿಲ್ಲುತ್ತಾರೆ. ತಮ್ಮನ್ನು ಬಿಟ್ಟು ಏಕೆ ಬಂದೆಯೆಂದು ಅವರ ಪ್ರಶ್ನೆ. ಸಹಯೋಧನು ಆಸರೆ ಮಾತ್ರವಲ್ಲ, ಋಣವೂ ಹೌದು. ಆ ಋಣವೇ ಇಬ್ಬರನ್ನೂ ಮತ್ತೆ ರಣರಂಗಕ್ಕೆ ಎಳೆಯಿತು. ಸಸೂನ್ ೧೯೧೮ರ ಜುಲೈ ತಿಂಗಳಲ್ಲಿ ತಲೆಗೆ ಗಾಯವಾಗಿ ಹಿಂತಿರುಗಿದನು. ತನ್ನ ಹುಡುಗರ ನೋವನ್ನು ಹತ್ತಿರದಿಂದ ಕಂಡು ಅವರ ಪರವಾಗಿ ವಾದಿಸಬೇಕೆಂದು ತಾಯಿಗೆ ಬರೆದ ಓವೆನ್ ಮರಳಲಿಲ್ಲ. ೧೯೧೮ರ ನವೆಂಬರ್ ೪ರಂದು, ಕದನವಿರಾಮಕ್ಕೆ ಒಂದು ವಾರ ಮುಂಚೆ, ಸಾಂಬರ್ ಕಾಲುವೆಯ ಬಳಿ ಅವನು ಹತನಾದನು. ಅವನ ಕವಿತೆಗಳು ೧೯೨೦ರಲ್ಲಿ ಪುಸ್ತಕರೂಪದಲ್ಲಿ ಹೊರಬಂದಾಗ ಅದಕ್ಕೆ ಮುಂದಾಗಿ ನಿಂತವನು ಸಸೂನ್. ಮೊದಲ ಶ್ರೋತೃವೇ ಕೊನೆಗೆ ವಕೀಲನೂ ಆದನು.

೪

ಓವೆನ್ ೧೯೧೮ರಲ್ಲಿ ಬರೆದ ‘ಸ್ಟ್ರೇಂಜ್ ಮೀಟಿಂಗ್’ ಈ ವಿಚಾರವನ್ನು ಅದರ ತುದಿಯವರೆಗೆ ಒಯ್ಯುವ ಕೃತಿ. ಯೋಧನೊಬ್ಬನು ಕಾಳಗದಿಂದ ತಪ್ಪಿಸಿಕೊಂಡು ಒಂದು ಸುರಂಗಕ್ಕೆ ಇಳಿಯುತ್ತಾನೆ. ಅಲ್ಲಿ ಮಲಗಿರುವವರಲ್ಲಿ ಒಬ್ಬನು ಎದ್ದು ನಿಂತು, ಬದುಕದೆ ಹೋದ ವರ್ಷಗಳ ಬಗೆಗೆ, ಹೇಳದೆ ಉಳಿದ ಸತ್ಯದ ಬಗೆಗೆ ಮಾತನಾಡುತ್ತಾನೆ. ತಾನು ನಿನ್ನೆ ಅವನ ಕೈಯಿಂದಲೇ ಸತ್ತ ಶತ್ರುವೆಂದು ಕೊನೆಯಲ್ಲಿ ತಿಳಿಸುತ್ತಾನೆ. ಪೂರ್ಣ ಪ್ರಾಸದ ಬದಲು ಸ್ವರಗಳು ಹೊಂದದೆ ವ್ಯಂಜನಗಳು ಮಾತ್ರ ಹೊಂದುವ ಅರ್ಧಪ್ರಾಸವನ್ನು ಕವಿ ಇಲ್ಲಿ ಬಳಸಿರುವುದು ಸಾರ್ಥಕವಾಗಿದೆ: ಕಿವಿ ಹೊಂದಾಣಿಕೆಯನ್ನು ನಿರೀಕ್ಷಿಸುತ್ತದೆ, ಪ್ರತಿಸಲವೂ ಅದು ಕೂದಲೆಳೆಯಷ್ಟರಲ್ಲಿ ತಪ್ಪುತ್ತದೆ. ಯೋಧನ ನೋವನ್ನು ಪೂರ್ತಿ ಬಲ್ಲವನು ಅವನು ಕೊಂದವನೇ ಎಂಬ ಘೋರಸತ್ಯಕ್ಕೆ ಈ ಅಪೂರ್ಣ ಪ್ರಾಸ ಧ್ವನಿಯಾಗಿದೆ.

ನಮ್ಮ ವಾಚಕರಿಗೆ ಇಲ್ಲಿ ಶಾಂತಿಪರ್ವದ ಆರಂಭ ನೆನಪಾಗದೆ ಇರಲಾರದು. ಕರ್ಣನು ಅಣ್ಣನೆಂದು ತಿಳಿದು ಕುಸಿದುಹೋದ ಧರ್ಮರಾಯನಿಗೆ ತಮ್ಮಂದಿರೂ ದ್ರೌಪದಿಯೂ ವ್ಯಾಸನೂ ಹೇಳಿದ ಸಮಾಧಾನವೆಲ್ಲ ಸಾಲದೆ ಹೋಗುತ್ತದೆ. ಕೊನೆಗೆ ಅವನನ್ನು ಕರೆದೊಯ್ಯುವುದು ಶರಶಯ್ಯೆಯ ಬಳಿಗೆ, ಪಾಂಡವರೇ ಕೆಡವಿದ ಭೀಷ್ಮನ ಬಳಿಗೆ. ನಾಚಿಕೆಯಿಂದ ಎದುರಿಗೆ ಬರಲಾರದ ಧರ್ಮರಾಯನನ್ನು ಭೀಷ್ಮನೇ ಹತ್ತಿರ ಕರೆದು ಮಾತನಾಡಿಸುತ್ತಾನೆ. ರನ್ನನ ‘ಗದಾಯುದ್ಧ’ದ ದುರ್ಯೋಧನನಿಗೂ ಭೀಷ್ಮನ ಬಳಿಗೆ ಹೋಗುವ ದಾರಿಯುಂಟು, ಆದರೆ ಆ ದಾರಿಯುದ್ದಕ್ಕೂ ಅವನ ಪ್ರಲಾಪವನ್ನು ಕೇಳುವವರು ಹೆಣಗಳು ಮಾತ್ರ. ದ್ರೋಣ, ದುಶ್ಶಾಸನ, ಲಕ್ಷಣಕುಮಾರ, ಕರ್ಣ ಎಂದು ಒಬ್ಬೊಬ್ಬರ ಮುಂದೆಯೂ ಅವನು ನಿಂತು ಅಳುತ್ತಾನೆ. ಜೊತೆಯಲ್ಲಿರುವ ಸಂಜಯನು ಯುದ್ಧವನ್ನು ನೋಡಿದವನೇ ಹೊರತು ಯುದ್ಧದಲ್ಲಿ ಕಳೆದುಕೊಂಡವನಲ್ಲ. ಉತ್ತರ ಕೊಡುವ ಕಿವಿ ದೊರೆತವನು ರಾಜ್ಯಕ್ಕೆ ಮರಳಿದನು. ದೊರೆಯದವನು ಸರೋವರದ ನೀರಿನೊಳಗೆ ಅಡಗಿದನು. ಕಥೆಗೆ ಬೇರೆ ಕಾರಣಗಳು ಎಷ್ಟೇ ಇರಲಿ, ಈ ವೈಷಮ್ಯ ಗಮನಾರ್ಹವಾಗಿದೆ.

೫

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕಾಗುತ್ತದೆ. ಕ್ರೇಗ್‌ಲಾಕ್‌ಹಾರ್ಟ್ ಅಧಿಕಾರಿಗಳ ಆಸ್ಪತ್ರೆ. ಪತ್ರಿಕೆ, ಕಾವ್ಯ, ಗೆಳೆತನಗಳಿಗೆ ಬೇಕಾದ ವಿರಾಮ ಅವರಿಗಿತ್ತು. ಸಾಮಾನ್ಯ ಸಿಪಾಯಿಯ ಪಾಡೇನು? ಪಲಾಯನ, ಹೇಡಿತನ ಮೊದಲಾದ ಅಪರಾಧಗಳಿಗಾಗಿ ಆ ಯುದ್ಧದಲ್ಲಿ ಗುಂಡಿಕ್ಕಿ ಕೊಲ್ಲಲಾದ ೩೦೬ ಮಂದಿ ಬ್ರಿಟಿಷ್ ಮತ್ತು ಸಾಮ್ರಾಜ್ಯದ ಸೈನಿಕರಿಗೆ ಬ್ರಿಟಿಷ್ ಸರ್ಕಾರ ಕ್ಷಮೆಯನ್ನು ನೀಡಿದುದು ೨೦೦೬ರಲ್ಲಿ. ಅವರಲ್ಲಿ ಎಷ್ಟೋ ಮಂದಿಯ ಮನಸ್ಸು ಮೊದಲೇ ಮುರಿದಿದ್ದಿತೆಂಬುದನ್ನು ಕೇಳಲು ಯಾರಿಗೂ ವ್ಯವಧಾನವಿರಲಿಲ್ಲ.

ಫ್ರಾನ್ಸಿನ ರಣರಂಗದಲ್ಲಿ ಕಾದಾಡಿದ ಭಾರತೀಯ ಸಿಪಾಯಿಗಳ ಪತ್ರಗಳೂ ಇಲ್ಲಿ ಸಾಕ್ಷ್ಯ ನುಡಿಯುತ್ತವೆ. ಸೇನೆಯ ಅಧಿಕಾರಿಗಳು ಅವನ್ನು ತೆರೆದು ಓದಿ ಭಾಗಗಳನ್ನು ಅನುವಾದಿಸಿಟ್ಟುದರಿಂದಲೇ ಅವು ಇಂದು ನಮಗೆ ಉಳಿದಿವೆ. ಪರರ ಕಣ್ಣು ತಮ್ಮ ಪತ್ರದ ಮೇಲಿದೆಯೆಂದು ಬಲ್ಲ ಸಿಪಾಯಿಗಳು ಗೂಢಭಾಷೆಯನ್ನು ಕಟ್ಟಿಕೊಂಡಿದ್ದರು; ಭಾರತೀಯ ಸೈನಿಕರನ್ನು ಕರಿಮೆಣಸೆಂದೂ ಬಿಳಿಯರನ್ನು ಕೆಂಪು ಮೆಣಸೆಂದೂ ಕರೆದು, ಯಾವುದು ಎಷ್ಟು ಖರ್ಚಾಯಿತೆಂದು ಮನೆಯವರಿಗೆ ತಿಳಿಸುತ್ತಿದ್ದರು. ಸೈನ್ಯಕ್ಕೆ ಸೇರಬೇಡಿರೆಂದು ಊರಿನ ತಮ್ಮಂದಿರಿಗೆ ಸೂಚಿಸಿದ ಪತ್ರಗಳೂ ಇವೆ. ಇವು ಕಾವ್ಯವೆಂಬ ಹೆಸರನ್ನು ಪಡೆಯಲಿಲ್ಲ. ಆದರೂ ಅಧಿಕಾರದ ಕಿವಿಯನ್ನು ತಪ್ಪಿಸಿ ಆಪ್ತರ ಕಿವಿಯನ್ನು ಮುಟ್ಟಬೇಕೆಂಬ ಹಟದಲ್ಲಿ ಹುಟ್ಟಿದ ಈ ರೂಪಕಗಳು ನಮ್ಮ ವಿಮರ್ಶೆಯ ಗಮನಕ್ಕೆ ಅರ್ಹವಾಗಿವೆ. ವ್ಯಥೆ ಎಲ್ಲರದೂ ಒಂದೇ; ಕಿವಿ ದೊರೆಯುವುದು ಮಾತ್ರ ಪದವಿಯನ್ನೂ ಬಣ್ಣವನ್ನೂ ಅವಲಂಬಿಸಿತ್ತು.

೬

ಸಹಯೋಧನ ಕಿವಿ ಒಂದು ವ್ಯವಸ್ಥೆಯ ರೂಪವನ್ನು ತಾಳಿದುದು ವಿಯೆಟ್ನಾಂ ಯುದ್ಧದ ಕಾಲದಲ್ಲಿ. ಯುದ್ಧವನ್ನು ವಿರೋಧಿಸುತ್ತಿದ್ದ ಮಾಜಿ ಸೈನಿಕರ ಸಂಘದ ನ್ಯೂಯಾರ್ಕ್ ಕಚೇರಿಯಲ್ಲಿ ೧೯೭೦ರ ಕೊನೆಯಲ್ಲಿ ಮಾತಿನ ಕೂಟಗಳು ಆರಂಭವಾದವು. ರಾಬರ್ಟ್ ಜೇ ಲಿಫ್ಟನ್ ಮತ್ತು ಹಾಯಿಮ್ ಶಾಟನ್ ಎಂಬ ಮನೋವೈದ್ಯರು ಅದರಲ್ಲಿ ಭಾಗವಹಿಸಿದರು. ಆದರೆ ಕೂಟದ ಒಡೆತನ ಯೋಧರದೇ ಆಗಿತ್ತು. ವೈದ್ಯನು ಅಧಿಕಾರದ ಪೀಠವನ್ನು ಬಿಟ್ಟು ಸಾಲಿನಲ್ಲಿ ಒಬ್ಬನಾಗಿ ಕುಳಿತನು. ಲಿಫ್ಟನ್ ತನ್ನ ಅನುಭವವನ್ನು ೧೯೭೩ರ ‘ಹೋಮ್ ಫ್ರಮ್ ದಿ ವಾರ್’ ಗ್ರಂಥದಲ್ಲಿ ನಿರೂಪಿಸಿದ್ದಾನೆ. ಈ ಕೂಟಗಳಲ್ಲಿ ಕೇಳಿಬಂದ ಮಾತುಗಳೂ ಅವುಗಳ ಬೆನ್ನಿಗೆ ನಡೆದ ವಾದವಿವಾದಗಳೂ ಸೇರಿ, ೧೯೮೦ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗನಿರ್ಣಯದ ಕೈಪಿಡಿಯಲ್ಲಿ ಆಘಾತೋತ್ತರ ಮನೋವ್ಯಾಧಿಗೆ ಸ್ಥಾನ ಕೊಡಲು ಕಾರಣವಾದವು. ೧೯೭೯ರ ಕಾನೂನಿನಿಂದ ಅಲ್ಲಿನ ಸರ್ಕಾರ ತೆರೆದ ಸಲಹಾಕೇಂದ್ರಗಳಲ್ಲಿ ಸಲಹೆಗಾರರಾದವರಲ್ಲಿ ಅನೇಕರು ತಾವೇ ಯುದ್ಧದಿಂದ ಮರಳಿದವರು. ಸಮಾನದುಃಖಿಗಳು ತಮ್ಮತಮ್ಮಲ್ಲಿ ಆಡಿಕೊಂಡ ಮಾತು ಶಾಸ್ತ್ರವನ್ನೇ ತಿದ್ದಿದ ಅಪೂರ್ವ ನಿದರ್ಶನವಿದು.

ಇದೇ ವಲಯದಿಂದ ೧೯೭೨ರಲ್ಲಿ ‘ವಿನ್ನಿಂಗ್ ಹಾರ್ಟ್ಸ್ ಅಂಡ್ ಮೈಂಡ್ಸ್’ ಎಂಬ ಕವನಸಂಕಲನ ಹೊರಬಂದಿತು. ಸಂಪಾದಕರೂ ಯೋಧರು, ಕವಿಗಳೂ ಯೋಧರು. ಕಲೆಯ ದೃಷ್ಟಿಯಿಂದ ನೋಡಿದರೆ ಸಂಕಲನ ಸಮನಾಗಿಲ್ಲ. ಆದರೆ ಬಹುಪಾಲು ಕವಿತೆಗಳು ಸಾಕ್ಷ್ಯದಂತೆ ಚಿಕ್ಕವಾಗಿ, ಅಲಂಕಾರರಹಿತವಾಗಿ ಇರುವುದಕ್ಕೆ ಕಾರಣ ಕೂಟದಲ್ಲಿಯೇ ಇದೆ: ಎದುರಿಗೆ ಕುಳಿತವನು ಎಲ್ಲವನ್ನೂ ಕಂಡವನಾದರೆ ಅವನಿಗೆ ವರ್ಣನೆ ಬೇಡ. ಇದು ಈ ಕಾವ್ಯದ ಬಲವೂ ಹೌದು, ಮಿತಿಯೂ ಹೌದು. ಕಾಣದವನಿಗೆ ಕಾಣಿಸುವ ಹೊಣೆಯನ್ನು ಹೊತ್ತಾಗಲೇ ಮಾತು ಕಾವ್ಯವಾಗಿ ಬೆಳೆಯುವುದು.

೭

ಆ ಹೊಣೆಯನ್ನು ಹೊತ್ತವರಲ್ಲಿ ಟಿಮ್ ಒ’ಬ್ರಿಯೆನ್ ಅಗ್ರಗಣ್ಯ. ಅವನು ೧೯೬೯-೭೦ರಲ್ಲಿ ವಿಯೆಟ್ನಾಂನಲ್ಲಿ ಕಾದಾಡಿದವನು. ೧೯೯೦ರಲ್ಲಿ ಪ್ರಕಟವಾದ ‘ದಿ ಥಿಂಗ್ಸ್ ದೇ ಕ್ಯಾರೀಡ್’ ಕೃತಿಯ ‘ಸ್ಪೀಕಿಂಗ್ ಆಫ್ ಕರೇಜ್’ ಎಂಬ ಕಥೆಯಲ್ಲಿ, ಯುದ್ಧದಿಂದ ಮರಳಿದ ನಾರ್ಮನ್ ಬೋಕರ್ ಎಂಬ ತರುಣ ಸ್ವಾತಂತ್ರ್ಯದಿನದಂದು ತನ್ನ ಊರಿನ ಸರೋವರದ ಸುತ್ತ ಕಾರಿನಲ್ಲಿ ಮತ್ತೆ ಮತ್ತೆ ಸುತ್ತುತ್ತಾನೆ. ಕೆಸರಿನಲ್ಲಿ ಮುಳುಗಿದ ಗೆಳೆಯನನ್ನು ಹಿಡಿದೆತ್ತಲಾರದೆ ಹೋದ ಕಥೆಯನ್ನು ಯಾರಿಗಾದರೂ ಹೇಳಬೇಕು. ಹಳೆಯ ಗೆಳತಿಗೆ ಮದುವೆಯಾಗಿದೆ; ತಂದೆಗೆ ಹೇಳುವುದನ್ನು ಮನಸ್ಸಿನಲ್ಲಿಯೇ ಕಲ್ಪಿಸಿಕೊಳ್ಳುತ್ತಾನೆ; ಊರು ಕೇಳಲು ಬಯಸುವುದಿಲ್ಲ. ಒಂದು ಉಪಾಹಾರಗೃಹದ ಮುಂದೆ ಕಾರು ನಿಲ್ಲಿಸಿ ಗೋಡೆಯ ಯಂತ್ರದ ಮೂಲಕ ತಿಂಡಿ ತರಿಸುತ್ತಾನೆ. ಆ ಯಂತ್ರದೊಳಗಿನ ಅಪರಿಚಿತ ಧ್ವನಿ ಸಲಿಗೆಯಿಂದ ವಿಚಾರಿಸುತ್ತದೆ, ಕೇಳಲು ಸಿದ್ಧವಾಗಿದೆ. ಅವನು ಬಾಯಿ ತೆರೆಯುತ್ತಾನೆ. ಮರುಕ್ಷಣ ಏನೂ ಇಲ್ಲವೆಂದು ಹೊರಟುಬಿಡುತ್ತಾನೆ.

ಈ ಚಿಕ್ಕ ಪ್ರಸಂಗ ಇಂದಿನ ಕಾಲಕ್ಕೆ ಮುನ್ಸೂಚನೆಯಂತಿದೆ. ಯಂತ್ರದ ಮೂಲಕ ಬರುವ ಧ್ವನಿ ಈಗ ಯೋಧನಿಗೆ ಅಪರೂಪವಲ್ಲ. ನಮ್ಮ ದೇಶದಲ್ಲಿ ೨೦೨೨ರ ಅಕ್ಟೋಬರ್ ೧೦ರಂದು ‘ಟೆಲಿ-ಮಾನಸ್’ ದೂರವಾಣಿ ಸೇವೆ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರವಾಯಿತು. ೨೦೨೩ರ ಡಿಸೆಂಬರಿನಲ್ಲಿ ಸೈನಿಕರಿಗೂ ಅವರ ಕುಟುಂಬದವರಿಗೂ ಮೀಸಲಾದ ಘಟಕವೊಂದು ಪುಣೆಯ ಸಶಸ್ತ್ರಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಪ್ರಾರಂಭವಾಯಿತು. ಇದು ತರಬೇತಿ ಪಡೆದವರ ಕಿವಿ. ಇದರ ಜೊತೆಗೆ, ಯುದ್ಧದಿಂದ ಮರಳಿದವರು ಅಂತರ್ಜಾಲದ ಮೂಲಕ ಹೆಸರು ಹೇಳದೆ, ಮುಖ ತೋರದೆ, ಸಾವಿರಾರು ಮೈಲಿ ದೂರದ ಸಹಯೋಧನೊಡನೆ ನಡುರಾತ್ರಿಯಲ್ಲಿ ಮಾತನಾಡುವ ಪರಿಪಾಟಿಯೂ ಅನೇಕ ದೇಶಗಳಲ್ಲಿ ಬೆಳೆದಿದೆ. ಇದರ ಗುಣ ಸ್ಪಷ್ಟ. ಓವೆನ್ನನಿಗೂ ಸಸೂನನಿಗೂ ಒಂದೇ ಸೂರು ಬೇಕಾಯಿತು; ಈಗ ಅದು ಬೇಡ. ಬಡ್ತಿಗೆ ತೊಂದರೆಯಾದೀತು, ಹೇಡಿಯೆನಿಸಿಕೊಂಡೇನು ಎಂಬ ಅಳುಕಿರುವವನಿಗೆ ಹೆಸರಿಲ್ಲದಿರುವುದೇ ಒಂದು ರಕ್ಷೆ. ಬೋಕರ್ ಬಾಯಿ ತೆರೆದಾಗ ಯಂತ್ರದ ಆ ತುದಿಯಲ್ಲಿ ಕೆಸರನ್ನು ಬಲ್ಲವನಿದ್ದಿದ್ದರೆ ಅವನು ಮಾತನ್ನು ಮುಂದುವರಿಸುತ್ತಿದ್ದನೋ ಏನೋ.

ಆದರೆ ಒ’ಬ್ರಿಯೆನ್ ನಮ್ಮನ್ನು ಇಷ್ಟು ಸುಲಭವಾದ ತೀರ್ಮಾನಕ್ಕೆ ಬಿಡುವುದಿಲ್ಲ. ಮುಂದಿನ ‘ನೋಟ್ಸ್’ ಎಂಬ ಭಾಗದಲ್ಲಿ, ಬೋಕರ್ ತನ್ನ ಸಹಯೋಧನಾದ ನಿರೂಪಕನಿಗೆ ಹದಿನೇಳು ಪುಟಗಳ ಪತ್ರ ಬರೆದಿದ್ದನೆಂದೂ, ನಿರೂಪಕನು ಅದನ್ನು ಕಥೆಯಾಗಿಸಿದನೆಂದೂ, ಆದರೂ ಬೋಕರ್ ಕೆಲವು ವರ್ಷಗಳ ಮೇಲೆ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನೆಂದೂ ತಿಳಿಯುತ್ತದೆ. ಪಾತ್ರ ಕಲ್ಪಿತವಾದರೂ ವಿಚಾರ ಕಲ್ಪಿತವಲ್ಲ. ಸಮಾನದುಃಖಿಯ ಕಿವಿ ದೊರೆತಿತ್ತು, ಅದು ಸಾಲಲಿಲ್ಲ. ಸೊಫೋಕ್ಲಿಸನ ‘ಅಯಾಸ್’ ನಾಟಕವೂ ಇದನ್ನೇ ಹೇಳುತ್ತದೆ. ಅಯಾಸನ ಸುತ್ತಲಿರುವ ಮೇಳದವರು ಅವನೊಡನೆ ಟ್ರಾಯ್ ನಗರಕ್ಕೆ ಬಂದ ಅವನ ಸ್ವಂತ ನಾವಿಕರು. ಮನಸ್ಸು ಬದಲಾಯಿಸಿದವನಂತೆ ಅವನು ಆಡಿದ ಮಾತನ್ನು ನಂಬಿ ಅವರು ಹರ್ಷದಿಂದ ಹಾಡುತ್ತಿರುವಾಗಲೇ ಅವನು ಒಬ್ಬನೇ ಕಡಲ ತಡಿಗೆ ನಡೆದಿರುತ್ತಾನೆ. ಜೊತೆಗಾರನ ಪ್ರೀತಿಗೆ ವೈದ್ಯನ ವಿವೇಚನೆ ಇಲ್ಲ. ಅಪಾಯದ ಹೊತ್ತಿನಲ್ಲಿ ಎರಡೂ ಬೇಕು.

೮

ಇದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ. ‘ಅಲ್ಲಿದ್ದವನಿಗೆ ಮಾತ್ರ ಅರ್ಥವಾದೀತು’ ಎಂಬ ಮಾತನ್ನು ಯೋಧರು ಆಡುವುದು ಸಹಜ. ಆದರೆ ಅದೇ ಮಾತನ್ನು ನಾವು, ಅಂದರೆ ಅಲ್ಲಿಲ್ಲದವರು, ಆಡತೊಡಗಿದಾಗ ಅದರ ಅರ್ಥ ಬೇರೆಯಾಗುತ್ತದೆ. ನಾವು ಕೇಳಬೇಕಾಗಿಲ್ಲ, ಅವರವರೇ ಕೇಳಿಕೊಳ್ಳಲಿ ಎಂಬ ನುಣುಚುವಿಕೆ ಅದರೊಳಗೆ ಸೇರಿಕೊಳ್ಳುತ್ತದೆ. ಯುದ್ಧಕ್ಕೆ ಕಳುಹಿಸಿದ ಸಮಾಜವು ಯುದ್ಧದ ನೆನಪನ್ನು ಯುದ್ಧಕ್ಕೆ ಹೋದವರಿಗೇ ಗುತ್ತಿಗೆ ಕೊಟ್ಟು ಕೈತೊಳೆದುಕೊಂಡಂತಾಗುತ್ತದೆ.

‘ಒಡಿಸ್ಸಿ’ಯ ಎಂಟನೆಯ ಕಾಂಡದಲ್ಲಿ ಇದರ ಚಿತ್ರವಿದೆ. ಫೀಯಾಕಿಯರ ಆಸ್ಥಾನದಲ್ಲಿ ಕುರುಡು ಗಾಯಕ ಡೆಮೊಡೊಕಸ್ ಟ್ರಾಯ್ ಯುದ್ಧದ ಕಥೆಯನ್ನು ಹಾಡುತ್ತಾನೆ. ಸಭಿಕರು ಆನಂದಿಸುತ್ತಾರೆ. ಗುರುತು ಹೇಳದೆ ಕುಳಿತ ಒಡಿಸ್ಸಿಯಸ್ ಮೇಲುಹೊದಿಕೆಯಿಂದ ಮುಖ ಮರೆಮಾಡಿಕೊಂಡು ಅಳುತ್ತಾನೆ. ಬೋಸ್ಟನ್ನಿನಲ್ಲಿ ವಿಯೆಟ್ನಾಂ ಯೋಧರ ಮನೋವೈದ್ಯನಾಗಿದ್ದ ಜೊನಾಥನ್ ಷೇ ತನ್ನ ‘ಒಡಿಸ್ಸಿಯಸ್ ಇನ್ ಅಮೆರಿಕ’ ಗ್ರಂಥದಲ್ಲಿ (೨೦೦೨) ಈ ಸಭಿಕರಲ್ಲಿ ಇಂದಿನ ನಾಗರಿಕ ಸಮಾಜವನ್ನು ಕಂಡಿದ್ದಾನೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಫೀಯಾಕಿಯರು ರಸಿಕರು. ಸಾಧಾರಣೀಕರಣದ ಫಲವಾಗಿ ಪರರ ಶೋಕ ಅವರಿಗೆ ಆಸ್ವಾದ್ಯವಾಯಿತು. ಒಡಿಸ್ಸಿಯಸನಿಗೆ ಆ ದೂರವಿಲ್ಲ;ಅವನಿಗೆ ಅದು ರಸವಲ್ಲ, ನೆನಪು. ಒಂದೇ ಹಾಡಿನ ಮುಂದೆ ರಸಿಕನೂ ದುಃಖಿಯೂ ಅಕ್ಕಪಕ್ಕದಲ್ಲಿ ಕುಳಿತಿದ್ದಾರೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಅಳುವನ್ನು ಗಮನಿಸಿದವನು ಅರಸ ಆಲ್ಕಿನೋಸ್ ಒಬ್ಬನೇ. ಅವನು ಹಾಡನ್ನು ನಿಲ್ಲಿಸಿ, ಅತಿಥಿಯೆ, ನೀನು ಯಾರು, ಏಕೆ ಅಳುತ್ತಿರುವೆ ಎಂದು ಕೇಳಿದನು. ಆ ಪ್ರಶ್ನೆಯಿಂದಲೇ ಒಡಿಸ್ಸಿಯಸನ ಆತ್ಮಕಥನ ಆರಂಭವಾಗುತ್ತದೆ.

‘ಸಹೃದಯ’ ಎಂಬ ನಮ್ಮ ಮಾತಿನ ಪೂರ್ಣಾರ್ಥ ಇಲ್ಲಿ ಹೊಳೆಯುತ್ತದೆ. ಸಮಾನದುಃಖಿಯಾಗುವುದು ನಮ್ಮ ಕೈಯಲ್ಲಿಲ್ಲ. ಆಗಬೇಕೆಂದು ಬಯಸುವುದೂ ಉಚಿತವಲ್ಲ. ಸಹೃದಯರಾಗುವುದು ಸಾಧ್ಯ. ಆದರೆ ಸಹೃದಯನೆಂದರೆ ಹಾಡನ್ನು ಆಸ್ವಾದಿಸಿದವನಷ್ಟೇ ಅಲ್ಲ, ಪಕ್ಕದವನ ಮುಸುಕನ್ನು ಕಂಡು ಹಾಡನ್ನು ನಿಲ್ಲಿಸಬಲ್ಲವನು. ಷೇ ತನ್ನ ಮೊದಲ ಗ್ರಂಥವಾದ ‘ಅಕಿಲೀಸ್ ಇನ್ ವಿಯೆಟ್ನಾಂ’ನಲ್ಲಿ (೧೯೯೪) ಹೇಳಿರುವ ಸೂತ್ರವೂ ಇದಕ್ಕೆ ಸಮೀಪವಾಗಿದೆ: ಯೋಧನ ಕಥೆಯನ್ನು ಕೇಳುವವರು ನಂಬಿಕೆಗೆ ಅರ್ಹರಾಗಿರಬೇಕು, ಕೇಳಿದುದನ್ನು ಸಮುದಾಯದ ಇತರರಿಗೆ ಸತ್ಯವಾಗಿ ಮುಟ್ಟಿಸಬೇಕು, ಆಗಲೇ ಗಾಯ ಮಾಯುವುದಕ್ಕೆ ಆರಂಭ. ಕೂಟದೊಳಗಿನ ಮಾತು ಕೂಟದ ಹೊರಗೆ ಬರುವ ಈ ಎರಡನೆಯ ಹೆಜ್ಜೆಯನ್ನು ಬಿಟ್ಟರೆ ಮೊದಲನೆಯ ಹೆಜ್ಜೆ ಅರ್ಧಕ್ಕೇ ನಿಲ್ಲುತ್ತದೆ. ೨೦೦೮ರಿಂದ ಬ್ರಯಾನ್ ಡೋರಿಸ್ ಎಂಬ ಅನುವಾದಕ-ನಿರ್ದೇಶಕನು ಸೊಫೋಕ್ಲಿಸನ ‘ಅಯಾಸ್’, ‘ಫಿಲೊಕ್ಟೆಟಿಸ್’ ನಾಟಕಗಳನ್ನು ಅಮೆರಿಕದ ಸೈನಿಕರ ಮುಂದೆ ನಟರಿಂದ ಓದಿಸಿ, ಓದಿನ ಬಳಿಕ ಯೋಧರೂ ಅವರ ಪತ್ನಿಯರೂ ಮಾತನಾಡಲು ಅವಕಾಶ ಮಾಡಿಕೊಟ್ಟುದು ಇಂಥ ಎರಡನೆಯ ಹೆಜ್ಜೆಗೆ ಉದಾಹರಣೆ. ಅಲ್ಲಿ ಸಮಾನದುಃಖಿ, ಸಹೃದಯ ಇಬ್ಬರೂ ಒಂದೇ ಸಭೆಯಲ್ಲಿ ಒಬ್ಬರನ್ನೊಬ್ಬರು ನೋಡುತ್ತಾರೆ.

೯

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆಂದು ಹೇಳಬಹುದು. ಯೋಧನ ಶೋಕ ಮಾತಾಗುವುದಕ್ಕೆ ಸಹಯೋಧನ ಕಿವಿ ಮೊದಲ ಆಸರೆ. ಓವೆನ್ನನ ಕಾವ್ಯ ಅದರ ಫಲ. ಆ ಕಿವಿಯೊಂದೇ ಸಾಲದು. ಬೋಕರನ ಮತ್ತು ಅಯಾಸನ ಕಥೆಗಳು ಅದಕ್ಕೆ ಸಾಕ್ಷಿ. ಸಮಾನದುಃಖಿಗಳ ವಲಯದಲ್ಲಿ ಹದಗೊಂಡ ಮಾತನ್ನು ಹೊರಗಿನವರ ಎದೆಗೆ ತಲಪಿಸುವ ಕೆಲಸ ಸಾಹಿತ್ಯದ್ದು. ಅದನ್ನು ಬರಮಾಡಿಕೊಳ್ಳುವ ಹೊಣೆ ಓದುವವರದು.

ಈ ಹೊಣೆ ವಿಶೇಷವಾಗಿ ಅಧ್ಯಾಪಕರ ಮೇಲಿದೆ. ತರಗತಿಯಲ್ಲಿ ಓವೆನ್ನನ ಕವಿತೆಯನ್ನು ಪ್ರತಿಭಟನೆಯ ನಿದರ್ಶನವೆಂದೋ ಗದಾಯುದ್ಧದ ಪ್ರಲಾಪವನ್ನು ಕರುಣರಸಕ್ಕೆ ಉದಾಹರಣೆಯೆಂದೋ ಗುರುತಿಸಿ ಮುಂದೆ ಸಾಗುವುದು ಫೀಯಾಕಿಯರ ಮಾರ್ಗ. ನಮ್ಮ ತರಗತಿಗಳಲ್ಲಿ ಕೊಡಗಿನಿಂದ, ಬೆಳಗಾವಿಯಿಂದ ಬಂದ ವಿದ್ಯಾರ್ಥಿಗಳಿರುತ್ತಾರೆ. ಅವರಲ್ಲಿ ಕೆಲವರ ತಂದೆಯೋ ಅಣ್ಣನೋ ಗಡಿಯಿಂದ ಮರಳಿ ಮನೆಯಲ್ಲಿ ಮೌನವಾಗಿ ಕುಳಿತಿರಬಹುದು. ಪಾಠ ನಡೆಯುತ್ತಿರುವಾಗ ಯಾವ ಮುಖ ಬಾಗಿತೆಂಬುದನ್ನು ನೋಡುವ ಕಣ್ಣು, ನೋಡಿದ ಮೇಲೆ ಪಾಠವನ್ನು ನಿಲ್ಲಿಸಿ ವಿಚಾರಿಸುವ ಧೈರ್ಯ ಇವೆರಡೂ ಕಾವ್ಯಾಧ್ಯಯನಕ್ಕೆ ಹೊರಗಿನವಲ್ಲ. ಕ್ರೌಂಚದ ಗೋಳನ್ನು ಕೇಳಿದ ಋಷಿಯ ಬಾಯಿಂದ ಮೊದಲು ಹೊರಟುದು ಕಾವ್ಯವೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಕಾವ್ಯಕ್ಕಿಂತ ಮೊದಲು ಅವನು ಕಿವಿಗೊಟ್ಟನೆಂಬುದನ್ನು ಮರೆಯಬಾರದು.